ಕಡ್ಡಿಯನ್ನು ಗುಡ್ಡ ಮಾಡುವ ಮರ

ಒಂದು ಒಗಟು. ಬಿಡಿಸಿ ನೋಡೋಣ!

ಒಂದು ಮರದ ಕುಲವಿದೆ. ಅದರಲ್ಲೊಬ್ಬನ ಮೈಯಿಂದ ಒಳ್ಳೆಯ ಕ್ರಿಕೆಟ್ ಬ್ಯಾಟುಗಳೆಲ್ಲ ಹುಟ್ಟುತ್ತವೆ. ಅದೇ ಕುಲದ ತೊಗಟೆಯಿಂದ ಶುರುವಾದ ಕಥೆ ನಿಮ್ಮ ಮನೆಯ ಔಷಧಿ ಡಬ್ಬಿಯೊಳಗಿನ ಮಾತ್ರೆಯ ತನಕ ಬಂದಿದೆ. ಅದೇ ಕುಲದ ನಾರಿನಿಂದ ಹೆಣೆದ ಮೀನುಬಲೆಯೊಂದು ಸಾವಿರಾರು ವರ್ಷ ನೆಲದಡಿ ಮಲಗಿದ್ದು, ಮತ್ತೆ ಬೆಳಕು ಕಂಡಿದೆ!

ಯಾವ ಮರ?

ವಿಲ್ಲೋ! ಬ್ಯಾಟ್ ಅಂದ ಕೂಡಲೇ ನಿಮಗೆ ಗೊತ್ತಾಗಿರುತ್ತದೆ, ಬಿಡಿ. ಅದು ಸುಲಭದ ಪ್ರಶ್ನೆ. ಕಷ್ಟದ್ದು ಈಗ ಬರುತ್ತದೆ.

ಕರ್ನಾಟಕದಲ್ಲಿ ಕೂತ ನಿಮಗೆ, ಯಾರೂ ನೆಡದೆ ತಾನಾಗಿ ಬೆಳೆದ ವಿಲ್ಲೋ ಮರ ನೋಡಬೇಕು. ಎಲ್ಲಿಗೆ ಹೋಗುತ್ತೀರಿ?

ಕಾಶ್ಮೀರಕ್ಕೆ? ಬೇಡ! ಇಂಗ್ಲೆಂಡಿಗೆ? ಅಯ್ಯೋ, ಟಿಕೆಟ್ ದುಡ್ಡು ಉಳಿಸಿ! ಊಟಿಯ ಉದ್ಯಾನಕ್ಕೆ? ಅಷ್ಟು ದೂರವೂ ಬೇಡ.

ಕೊಡಗಿನ ಹೊಳೆಗೆ ಹೋಗಿ. ಮಲೆನಾಡಿನ ಹಳ್ಳಕ್ಕೆ ಹೋಗಿ. ದಂಡೆಯಲ್ಲಿ ನೀರಿನ ಕಡೆ ಬಾಗಿ ನಿಂತಿರುವ, ಸಪೂರ ಎಲೆಯ, ಒರಟು ತೊಗಟೆಯ ಒಂದು ಮರವಿರುತ್ತದೆ. ನೀವು ಎಷ್ಟೋ ಸಲ ಅದರ ನೆರಳಲ್ಲಿ ಕಾಲು ತೊಳೆದಿರಬಹುದು. ಅದೇ! ಅದೇ ನಮ್ಮ ವಿಲ್ಲೋ. ನಮ್ಮ ನೀರವಂಜಿ!

ಸಸ್ಯಶಾಸ್ತ್ರದಲ್ಲಿ ಅದು ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ. ಈ ಹೆಸರಿಟ್ಟವರು ಕೋರಮಂಡಲ ಕರಾವಳಿಯ ಗಿಡಮರಗಳನ್ನು ಚಿತ್ರ ಸಮೇತ ದಾಖಲಿಸಿದ ವಿಲಿಯಂ ರಾಕ್ಸ್‌ಬರ್ಗ್. ಹೊರಗಿನಿಂದ ತಂದದ್ದಲ್ಲ, ಯಾವ ದೊರೆಯೂ ನೆಡಿಸಿದ್ದಲ್ಲ. ಅಪ್ಪಟ ಇಲ್ಲಿನ ಮರ!

ಇದು ಎಂಥ ವಿಶೇಷ ಅಂತ ತಿಳಿಯಬೇಕಾದರೆ ಅದರ ಬಂಧುಬಳಗವನ್ನು ನೋಡಬೇಕು. ಜಗತ್ತಿನಲ್ಲಿ ಸುಮಾರು 400 ಜಾತಿಯ ವಿಲ್ಲೋಗಳಿವೆ. ಬಹುಪಾಲು ಎಲ್ಲ ಚಳಿನಾಡಿನವು. ಆರ್ಕ್‌ಟಿಕ್ ವಿಲ್ಲೋ ಎಂಬುದು ಗ್ರೀನ್‌ಲ್ಯಾಂಡಿನ ಉತ್ತರ ತುದಿಯಲ್ಲೂ ಇದೆ. ಅಲ್ಲಿಂದ ಮುಂದೆ ಬರೀ ಹಿಮಸಮುದ್ರ! ಇನ್ನೊಂದು ಕುಳ್ಳ ವಿಲ್ಲೋ ಇದೆ. ಎತ್ತರ ಎಷ್ಟಿರಬಹುದು, ಹೇಳಿ. ಒಂದು ಮೀಟರ್? ಅರ್ಧ ಮೀಟರ್? ಇಲ್ಲ! 6 ಸೆಂಟಿಮೀಟರ್ ದಾಟುವುದೇ ಅಪರೂಪ! ಅದರ ಕಾಂಡವೆಲ್ಲ ನೆಲದೊಳಗೆ, ಎಲೆ ಮಾತ್ರ ಮೇಲೆ. ಮರದ ಕುಲದಲ್ಲಿ ಹುಟ್ಟಿ, ಹುಲ್ಲಿಗಿಂತ ಕೆಳಗೆ ಬದುಕುವ ಜೀವ.

ಇಂಥ ಚಳಿಗುಬ್ಬಿಗಳ ವಂಶದಲ್ಲಿ ಬೆರಳೆಣಿಕೆಯ ಕೆಲವು ಮಾತ್ರ ಬಿಸಿಲು ನಾಡಿಗೆ ಇಳಿದವು. ಹಾಗೆ ಇಳಿದು, ಪಶ್ಚಿಮ ಘಟ್ಟದ ತನಕ ಬಂದು, ಇಲ್ಲೇ ಬೇರೂರಿದ್ದು ನೀರವಂಜಿ. ಹಿಮಾಲಯದ ತಪ್ಪಲಿಂದ ಹಿಡಿದು ಆಗ್ನೇಯ ಏಷ್ಯಾದವರೆಗೆ ಇದರ ಸಂಸಾರ ಹರಡಿದೆ. ನೀರಿದ್ದರೆ ಸಾಕು, ಊರು ಯಾವುದಾದರೇನು!

ಈಗ ಇದರ ಮ್ಯಾಜಿಕ್ ನೋಡೋಣ. ಮನೆಯಲ್ಲೇ ನೋಡಬಹುದು!

ಬೆರಳು ದಪ್ಪದ ಒಂದು ಕಡ್ಡಿ. ಒಂದು ಗಾಜಿನ ಲೋಟ. ಅರ್ಧ ಲೋಟ ನೀರು. ಅಷ್ಟೇ ಸಾಮಾನು. ಕಡ್ಡಿಯನ್ನು ನೀರಲ್ಲಿ ನಿಲ್ಲಿಸಿ, ಕಿಟಕಿಯ ಹತ್ತಿರ ಇಡಿ. ದಿನಾ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಹೋಗಿ ಇಣುಕಿ.

ಮೊದಮೊದಲು ಏನೂ ಕಾಣದು. ಆಮೇಲೊಂದು ದಿನ ನೀರೊಳಗಿನ ತೊಗಟೆಯ ಮೇಲೆ ಸಣ್ಣ ಉಬ್ಬು. ಕೈಯಾಡಿಸಿದರೆ ಗೊತ್ತಾಗುವಷ್ಟು. ಉಬ್ಬಿನ ನಡುವೆ ತೊಗಟೆ ಸೀಳುತ್ತದೆ. ಸೀಳಿನೊಳಗಿಂದ ಬೆಳ್ಳಗಿನ ತುದಿಯೊಂದು ಇಣುಕುತ್ತದೆ. ಬೇರು! ಒಂದಾಯಿತು, ಎರಡಾಯಿತು, ನೋಡನೋಡುತ್ತ ಕಡ್ಡಿಯ ಸುತ್ತ ಬೇರುಗಳ ಸಾಲು! ಮಣ್ಣಿಲ್ಲ, ಗೊಬ್ಬರವಿಲ್ಲ, ಬೇರು ಬರಿಸುವ ಪುಡಿಯೂ ಇಲ್ಲ. ಮೇಲುಗಡೆ ಕಣ್ಣುಗಳು ಒಡೆದು ಹಸಿರು ಎಲೆ ಬೇರೆ!

ಇದು ಹೇಗೆ ಸಾಧ್ಯ?

ಗುಟ್ಟು ಕೇಳಿ. ವಿಲ್ಲೋ ಕುಲದ ಅನೇಕ ಮರಗಳು ಬೇರಿನ ಮೊಳಕೆಗಳನ್ನು ಮೊದಲೇ ತಯಾರು ಮಾಡಿ, ತೊಗಟೆಯಡಿ ಬಚ್ಚಿಟ್ಟಿರುತ್ತವೆ. ಆಕಾಶಕ್ಕೆ ಮುಖ ಮಾಡಿದ ಕೊಂಬೆಯೊಳಗೂ ಬೇರು ಮಲಗಿರುತ್ತದೆ! ಕೊಂಬೆ ಮುರಿದು ನೀರಿಗೋ ಕೆಸರಿಗೋ ಬೀಳಲಿ ಅಂತ ಕಾಯುತ್ತಿರುತ್ತದೆ. ಬಿದ್ದಿತೋ, ಎದ್ದಿತೆಂದೇ ಲೆಕ್ಕ!

ಸರಿ, ಕಡ್ಡಿಯನ್ನು ತಲೆಕೆಳಗಾಗಿ ನಿಲ್ಲಿಸಿದರೆ? ಬೇರು ಯಾವ ಕಡೆ ಬರುತ್ತದೆ? ಊಹಿಸಿ!

1878ರಲ್ಲಿ ಹರ್ಮನ್ ಫೋಖ್ಟಿಂಗ್ ಎಂಬ ಜರ್ಮನ್ ವಿಜ್ಞಾನಿ ಇದೇ ತರಲೆ ಪ್ರಯೋಗದ ಫಲವನ್ನು ಪ್ರಕಟಿಸಿದರು. ವಿಲ್ಲೋ ತುಂಡುಗಳನ್ನು ತೇವದ ಗಾಳಿಯಲ್ಲಿ ತೂಗುಹಾಕಿದರು. ಕೆಲವು ನೇರ, ಕೆಲವು ತಲೆಕೆಳಗು. ಏನಾಯಿತು ಗೊತ್ತೇ? ತಲೆಕೆಳಗಾದ ತುಂಡುಗಳಿಗೂ ಬುಡ ಮರೆಯಲಿಲ್ಲ! ಮೂಲದಲ್ಲಿ ಬುಡವಾಗಿದ್ದ ತುದಿ ಈಗ ಮೇಲಿದ್ದರೂ ಬೇರು ಅಲ್ಲೇ ಬಂತು. ಚಿಗುರು ಕೆಳಗಿನ ತುದಿಯಲ್ಲಿ ಒಡೆಯಿತು. ಭೂಮಿ ಯಾವ ಕಡೆಯಿದ್ದರೂ ಸರಿ, ಕಡ್ಡಿಗೆ ತನ್ನ ಮೇಲು-ಕೆಳಗು ಗೊತ್ತು!

ಈ ಕಡ್ಡಿಗಳ ಶಕ್ತಿ ಎಷ್ಟೆಂದು ತಿಳಿಯಬೇಕಾದರೆ ನ್ಯೂಜಿಲೆಂಡಿನ ಕಥೆ ಕೇಳಿ. ಅಲ್ಲಿಗೆ ಯೂರೋಪಿನವರು ಕ್ರ್ಯಾಕ್ ವಿಲ್ಲೋ ಎಂಬ ಜಾತಿಯನ್ನು ಒಯ್ದರು. ಅದು ನದಿ ನದಿಗೂ ಹಬ್ಬಿತು. ಇದರಲ್ಲಿ ಆಶ್ಚರ್ಯವೇನು ಅಂದಿರಾ? ತಡೆಯಿರಿ. ವಿಲ್ಲೋದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ನ್ಯೂಜಿಲೆಂಡಿನಲ್ಲಿರುವ ಕ್ರ್ಯಾಕ್ ವಿಲ್ಲೋಗಳು ಎಲ್ಲವೂ ಗಂಡು! ಒಂದೂ ಹೆಣ್ಣಿಲ್ಲ. ಬೀಜದ ಪ್ರಶ್ನೆಯೇ ಇಲ್ಲ. ಮುರಿದ ರೆಂಬೆಗಳು ನೀರಲ್ಲಿ ತೇಲಿ, ದಂಡೆಗೆ ತಾಗಿ, ಬೇರೂರಿ, ಮರವಾಗಿ, ಮತ್ತೆ ಮುರಿದು, ಮತ್ತೆ ತೇಲಿ... ಬರೀ ಕಡ್ಡಿಗಳಿಂದ ಒಂದು ದೇಶದ ನದಿಗಳನ್ನು ಆಕ್ರಮಿಸಿದ ಮರ!

ಹಾಗಾದರೆ ಬೀಜ ಯಾಕೆ ಬೇಕು? ಬೇಕು! ಬೀಜದ್ದು ಇನ್ನೂ ರೋಚಕ.

ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ನೀರವಂಜಿಯ ಕೊಂಬೆಗಳಲ್ಲಿ ಹೂ ತೆನೆ ಇಳಿಯುತ್ತದೆ. ಹಸಿ ಹಿಪ್ಪಲಿಯನ್ನು ಬೆರಳುದ್ದ ಎಳೆದಂತಿರುವ ತೆನೆ. ದಳಗಳಿಲ್ಲ, ಬಣ್ಣದ ಬೆಡಗಿಲ್ಲ. ಗಂಡು ಮರದ ತೆನೆಯನ್ನು ಕಣ್ಣ ಹತ್ತಿರ ತನ್ನಿ. ಹಳದಿ ಪರಾಗದ ಚುಕ್ಕೆಗಳು ಮೈತುಂಬ ಎದ್ದಿರುತ್ತವೆ. ಬೆರಳಲ್ಲಿ ತಟ್ಟಿದರೆ ಹಳದಿ ಹುಡಿ! ಜೇನ್ನೊಣಗಳಿಗೆ ಹಬ್ಬ. ಗಾಳಿಗೂ ಒಂದಿಷ್ಟು ಪಾಲು.

ಹೆಣ್ಣು ಮರದ ತೆನೆಯಲ್ಲಿ ಸಣ್ಣ ಸಣ್ಣ ಕಾಯಿ. ಕಾಯಿ ಒಣಗಿ ಎರಡು ಹೋಳಾಗುತ್ತದೆ. ಒಳಗಿಂದ ಬಿಳಿ ರೇಷ್ಮೆಯಂಥ ಎಳೆಗಳು ಉಕ್ಕುತ್ತವೆ. ಎಳೆಗಳ ಬುಡದಲ್ಲಿ ಬೀಜ. ಕಣ್ಣು ಕಿರಿದು ಮಾಡಿ ಹುಡುಕಬೇಕು, ಅಷ್ಟು ಪುಟ್ಟದು! ಗಾಳಿ ಬೀಸಿತು ಅಂದರೆ ಹೊಳೆಯುದ್ದಕ್ಕೂ ಬಿಳಿ ಎಳೆಗಳ ಹಾರಾಟ.

ಈ ಬೀಜ ಎಷ್ಟು ಕಾಲ ಜೀವಂತವಾಗಿರುತ್ತದೆ? ರಾಗಿ ಬೀಜವನ್ನು ವರ್ಷಗಟ್ಟಲೆ ಇಡಬಹುದು. ಹುಣಸೆ ಬೀಜವನ್ನೂ ಇಡಬಹುದು. ಇದು?

ಕೆಲವೇ ದಿನ! ಹೆಚ್ಚೆಂದರೆ ಕೆಲವು ವಾರ!

ಬುತ್ತಿ ಕಟ್ಟಿಕೊಳ್ಳದೆ ಹೊರಟ ಬೀಜ ಇದು. ಆದರೆ ಅಷ್ಟರೊಳಗೆ ಒದ್ದೆ ಮರಳು, ಹೊಸ ಮೆಕ್ಕಲು ಸಿಕ್ಕಿತೋ, ಒಂದೇ ದಿನದಲ್ಲಿ ಮೊಳಕೆ! ನೆರೆ ಇಳಿದು ದಂಡೆಯಲ್ಲಿ ಹಸಿ ಮಣ್ಣು ತೆರೆದುಕೊಂಡ ಮೇಲೆ ಬೀಜ ಹಾರುತ್ತದೆ. ಹೊಳೆಯ ಪಂಚಾಂಗ ಓದಿ ಮುಹೂರ್ತ ಇಟ್ಟವರು ಯಾರು!

ಇನ್ನು ನೀರಿನಲ್ಲಿ ನಿಲ್ಲುವ ವಿದ್ಯೆ. ಇದನ್ನು ಕೇಳಿದ ಮೇಲೆ ನಿಮ್ಮ ತೋಟದ ಬಸಿಗಾಲುವೆಯನ್ನು ನೀವು ಬೇರೆ ಕಣ್ಣಿನಿಂದ ನೋಡುತ್ತೀರಿ.

ಅಡಿಕೆ ತೋಟದಲ್ಲಿ ನೀರು ನಿಂತರೆ ಏನಾಗುತ್ತದೆ? ಬೇರು ಕೊಳೆಯುತ್ತದೆ. ಕಾಫಿ ಗಿಡದ ಬುಡದಲ್ಲಿ ನಿಂತರೆ? ಎಲೆ ಹಳದಿ. ಯಾಕೆ? ನೀರು ಹೆಚ್ಚಾಯಿತು ಅನ್ನುತ್ತೇವೆ. ನಿಜವಾದ ಕಾರಣ ಉಸಿರು! ಬೇರಿಗೂ ಆಮ್ಲಜನಕ ಬೇಕು. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನಿಂತ ನೀರಲ್ಲಿ ಆಮ್ಲಜನಕ ಎಷ್ಟು ನಿಧಾನವಾಗಿ ಹರಡುತ್ತದೆ? 10 ಪಟ್ಟು? 100 ಪಟ್ಟು?

ಸುಮಾರು 10,000 ಪಟ್ಟು ನಿಧಾನ! ಬೇರು ಉಸಿರುಗಟ್ಟಿ ಸಾಯದೆ ಇನ್ನೇನು ಮಾಡೀತು?

ವಿಲ್ಲೋ ಏನು ಮಾಡುತ್ತದೆ ನೋಡಿ. ನೀರು ಏರಿತು. ಹಳೆಯ ಬೇರು ಮುಳುಗಿತು. ಮುಳುಗಲಿ! ನೀರಿನ ಮಟ್ಟದ ಹತ್ತಿರ ಕಾಂಡದಿಂದಲೇ ಹೊಸ ಬೇರು ಬಿಡುತ್ತದೆ. ಗಾಳಿ ಇರುವಲ್ಲಿಗೆ ಬೇರನ್ನೇ ಕಳಿಸುತ್ತದೆ! ತೊಗಟೆಯ ಮೇಲಿನ ಉಸಿರುರಂಧ್ರಗಳು ಉಬ್ಬಿ ಬಾಯ್ದೆರೆಯುತ್ತವೆ. ಬೇರಿನೊಳಗೆ ಗಾಳಿಯ ಓಣಿಗಳು ಮೂಡುತ್ತವೆ. ಮೇಲಿಂದ ಒಳಗೆಳೆದ ಗಾಳಿ ಕೆಳಗಿನ ತುದಿಯ ತನಕ ಇಳಿಯುತ್ತದೆ.

ನೆರೆ ಬಂದಾಗ ಅದು ಎದೆ ಸೆಟೆಸಿ ನಿಲ್ಲುವುದೂ ಇಲ್ಲ. ರೆಂಬೆಗಳು ಮಲಗುತ್ತವೆ. ಹರಿವಿನ ರಭಸ ದಂಡೆಯ ಹತ್ತಿರ ತಗ್ಗುತ್ತದೆ. ತಗ್ಗಿದ ನೀರು ಹೊತ್ತು ತಂದ ಹೂಳನ್ನು ಅಲ್ಲೇ ಕೆಳಗಿಡುತ್ತದೆ. ಅಂದರೆ ದಂಡೆ ಕೊಚ್ಚಿಹೋಗುವ ಬದಲು ಬೆಳೆಯುತ್ತದೆ! ಕೆಳಗೆ ಬೇರಿನ ಬಲೆ ಮಣ್ಣನ್ನು ಹಿಡಿದುಕೊಂಡಿರುತ್ತದೆ.

ದಂಡೆ ಕಾಯಲು ವಿಲ್ಲೋ ನೆಡುವುದು ಇವತ್ತಿನ ಎಂಜಿನಿಯರುಗಳ ಆವಿಷ್ಕಾರ ಅಂದುಕೊಂಡಿರಾ? 16ನೇ ಶತಮಾನಕ್ಕೆ ಬನ್ನಿ! ಚೀನಾದಲ್ಲಿ ಮಿಂಗ್ ಅರಸರ ಆಳ್ವಿಕೆ. ಹಳದಿ ನದಿಯ ಉಸ್ತುವಾರಿಗೆ ಲಿಯು ತ್ಯಾನ್‌ಹೆ ಎಂಬ ಅಧಿಕಾರಿ. ಒಡ್ಡು ಕಾಯಲು ವಿಲ್ಲೋ ನೆಡುವ ವಿಧಾನಗಳನ್ನು ಆತ ಕ್ರಮವಾಗಿ ಬರೆದಿಟ್ಟ. ಎಷ್ಟು ವಿಧಾನ? ಒಂದಲ್ಲ, ಎರಡಲ್ಲ, 6! ಎಲ್ಲಕ್ಕೂ ಬಂಡವಾಳ ಒಂದೇ: ವಿಲ್ಲೋ ಕೊಂಬೆ.

ಇನ್ನೊಂದು ಹೇಳಲೇ? ನಿಮ್ಮ ಶೌಚದ ನೀರನ್ನೂ ಈ ಕುಲ ಬಿಡುವುದಿಲ್ಲ!

ಸ್ವೀಡನ್ನಿನ ಎನ್‌ಶೋಪಿಂಗ್ ಪಟ್ಟಣದಲ್ಲಿ ಸುಮಾರು 75 ಹೆಕ್ಟೇರ್ ವಿಲ್ಲೋ ತೋಟವಿದೆ. ಊರಿನ ಕೊಳಚೆ ಶುದ್ಧೀಕರಣ ಘಟಕದಿಂದ ಬರುವ ಸಾರಜನಕ ತುಂಬಿದ ನೀರನ್ನು ಬೇಸಿಗೆಯಲ್ಲಿ ಈ ತೋಟಕ್ಕೆ ಹಾಯಿಸುತ್ತಾರೆ. ಮರಗಳು ಅದನ್ನು ಉಂಡು ಬೆಳೆಯುತ್ತವೆ. ಬೆಳೆದದ್ದನ್ನು ಕಡಿದು ಉರಿಸಿ ಊರಿನ ಮನೆಗಳನ್ನು ಬೆಚ್ಚಗಿಡುತ್ತಾರೆ. ಕಡಿದ ಬುಡ ಮತ್ತೆ ಚಿಗುರುತ್ತದೆ! ಡೆನ್ಮಾರ್ಕಿನಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಚರಂಡಿ ಜಾಲವಿಲ್ಲದ ಹಳ್ಳಿಮನೆಗಳ ಪಕ್ಕದಲ್ಲಿ ನೀರು ಸೋರದ ಹಾಸು ಹಾಕಿದ ಗುಂಡಿಯೊಳಗೆ ವಿಲ್ಲೋ ನೆಡುತ್ತಾರೆ. ಮನೆಯ ಕೊಳಚೆ ನೀರು ಒಳಗೆ ಹೋಗುತ್ತದೆ. ಹೊರಗೆ ಎಷ್ಟು ಬರುತ್ತದೆ?

ಸೊನ್ನೆ! ಎಲ್ಲವೂ ಎಲೆಗಳ ಮೂಲಕ, ಮಣ್ಣಿನ ಮೂಲಕ ಆವಿ!

ಈಗ ತೊಗಟೆಗೆ ಬರೋಣ. ಹೊಳೆದಂಡೆಯ ಜೌಗಿಗೂ ತಲೆನೋವಿನ ಮಾತ್ರೆಗೂ ಏನು ಸಂಬಂಧ?

18ನೇ ಶತಮಾನದ ಇಂಗ್ಲೆಂಡ್. ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ. ವಿಲ್ಲೋ ತೊಗಟೆಯ ಚೂರನ್ನು ಬಾಯಿಗೆ ಹಾಕಿಕೊಂಡರು. ಥೂ, ಕಹಿ! ಆ ಕಹಿ ಅವರಿಗೆ ಮಲೇರಿಯಾಕ್ಕೆ ಕೊಡುತ್ತಿದ್ದ ದುಬಾರಿ ಸಿಂಕೋನಾ ತೊಗಟೆಯನ್ನು ನೆನಪಿಸಿತು. ಇನ್ನೊಂದು ಯೋಚನೆಯೂ ಹೊಳೆಯಿತು. ಚಳಿಜ್ವರ ಬರುವುದು ಜೌಗು ನೆಲದಲ್ಲಿ, ವಿಲ್ಲೋ ಬೆಳೆಯುವುದೂ ಜೌಗು ನೆಲದಲ್ಲಿ. ರೋಗ ಇರುವಲ್ಲೇ ದೇವರು ಮದ್ದನ್ನೂ ಇಟ್ಟಿರಬೇಕಲ್ಲ!

ತರ್ಕ ಪೂರಾ ಅಡ್ಡಾದಿಡ್ಡಿ. ಫಲ ಮಾತ್ರ ನೆಟ್ಟಗೆ! ತೊಗಟೆಯನ್ನು ಚೀಲದಲ್ಲಿ ಹಾಕಿ ಬ್ರೆಡ್ ಸುಡುವ ಒಲೆಯ ಹೊರಮೈ ಮೇಲೆ ಮೂರು ತಿಂಗಳಿಗೂ ಮಿಕ್ಕಿ ಒಣಗಿಸಿದರು. ಪುಡಿ ಮಾಡಿದರು. ಸುಮಾರು 50 ಜನ ಜ್ವರದವರಿಗೆ ಕೊಟ್ಟರು. ಬಹುಮಟ್ಟಿಗೆ ಗುಣ ಕಂಡಿತು! 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಸೊಸೈಟಿಯ ಪತ್ರಿಕೆಯೇನೋ ಅದನ್ನು ಅಚ್ಚು ಮಾಡಿತು, ಆದರೆ ಎಡ್ವರ್ಡ್ ಬದಲು ಎಡ್ಮಂಡ್ ಅಂತ ಹೆಸರು ಹಾಕಿತು. ಪಾಪ!

ಆಮೇಲೆ ಸರಸರ. 1828ರಲ್ಲಿ ಯೋಹಾನ್ ಬುಖ್ನರ್ ತೊಗಟೆಯ ಕಹಿ ಸತ್ವವನ್ನು ಬೇರ್ಪಡಿಸಿದರು. ಹೆಸರು ಸ್ಯಾಲಿಸಿನ್. ಅದರಿಂದ ಸ್ಯಾಲಿಸಿಲಿಕ್ ಆಮ್ಲ ಬಂತು. 1897ರಲ್ಲಿ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಅದಕ್ಕೆ ಹತ್ತಿರದ ಇನ್ನೊಂದು ರಾಸಾಯನಿಕವನ್ನು ಶುದ್ಧ ರೂಪದಲ್ಲಿ ತಯಾರಿಸಿದರು. 1899ರಲ್ಲಿ ಅದಕ್ಕೆ ಮಾರಾಟದ ಹೆಸರು ಸಿಕ್ಕಿತು. ಏನದು?

ಆಸ್ಪಿರಿನ್!

ಅದು ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ಯಾರಿಗೂ ತಿಳಿಯದೆ ಇನ್ನೂ 70 ವರ್ಷ ಕಳೆಯಿತು. 1971ರಲ್ಲಿ ಜಾನ್ ವೇನ್ ಆ ಗಂಟು ಬಿಡಿಸಿದರು. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ಕಿತು.

ನಮ್ಮ ನೀರವಂಜಿಯ ತೊಗಟೆಯಲ್ಲೂ ಸ್ಯಾಲಿಸಿನ್ ಇದೆ. ಜ್ವರಕ್ಕೆ ಅದನ್ನು ಬಳಸುವ ನಾಟಿ ಪದ್ಧತಿಯೂ ಇದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ! ಆದರೆ ಈಗಲೇ ಕಷಾಯಕ್ಕೆ ಒಲೆ ಹಚ್ಚಬೇಡಿ. ಹೊಟ್ಟೆಹುಣ್ಣಿನವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ಮಕ್ಕಳಿಗೆ ಇದು ಅಪಾಯ. ಮದ್ದನ್ನು ವೈದ್ಯರಿಗೆ ಬಿಡಿ. ಬೆರಗು ನಮಗಿರಲಿ!

ಬೆರಗು ಮುಗಿದಿಲ್ಲ. ಮರ ಮಾತಾಡುತ್ತದೆಯೇ?

1983ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ರೋಡ್ಸ್ ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ಹುಳುಗಳು ಮುತ್ತಿದ ಸಿಟ್ಕಾ ವಿಲ್ಲೋ ಮರಗಳು ತಮ್ಮ ಎಲೆಯ ರಾಸಾಯನಿಕ ಬದಲಿಸಿ ಎಲೆಯನ್ನು ಹುಳುವಿಗೆ ರುಚಿಸದಂತೆ ಮಾಡಿಕೊಂಡವು. ಅದು ಸರಿ. ಪಕ್ಕದಲ್ಲಿ ಹುಳು ಮುಟ್ಟದ ವಿಲ್ಲೋಗಳಿದ್ದವಲ್ಲ? ಅವೂ ಎಲೆ ಬದಲಿಸಿಕೊಂಡವು! ಬೇರಿಗೆ ಬೇರು ತಾಗಿದ ಸುಳಿವಿಲ್ಲ. ಹಾಗಾದರೆ ಸುದ್ದಿ ಹೋದದ್ದು ಹೇಗೆ? ಗಾಳಿಯಲ್ಲಿ ಅಂದರು ರೋಡ್ಸ್. ಅನೇಕರು ನಕ್ಕರು. ಗಿಡಗಳು ಗಾಳಿಯಲ್ಲಿ ರಾಸಾಯನಿಕ ಬಿಟ್ಟು ನೆರೆಯವರನ್ನು ಎಚ್ಚರಿಸುತ್ತವೆ ಎಂಬುದು ಈಗ ನಗುವ ವಿಷಯವಾಗಿ ಉಳಿದಿಲ್ಲ. ಗಿಡಗಳು ತಮ್ಮ ಮೈಯೊಳಗೆ ಬಳಸುವ ರಕ್ಷಣಾ ಸಂಕೇತಗಳಲ್ಲಿ ಒಂದು ಯಾವುದು ಗೊತ್ತೇ? ವಿಲ್ಲೋದ ಹೆಸರು ಹೊತ್ತ ಅದೇ ಸ್ಯಾಲಿಸಿಲಿಕ್ ಆಮ್ಲ! ನಮ್ಮ ತಲೆನೋವಿಗಾಗಿ ಅಲ್ಲ, ತಮ್ಮ ತಲೆ ಉಳಿಸಿಕೊಳ್ಳಲು ಗಿಡಗಳು ಮಾಡಿಕೊಂಡ ಏರ್ಪಾಡು.

ಹುಳು ಅಂದೆನಲ್ಲ, ನೀರವಂಜಿಗೂ ಒಬ್ಬ ಅತಿಥಿ ಇದ್ದಾನೆ. ಕಾಮನ್ ಲೆಪರ್ಡ್ ಚಿಟ್ಟೆ! ಕಿತ್ತಳೆ ರೆಕ್ಕೆ, ಅದರ ತುಂಬ ಕಪ್ಪು ಚುಕ್ಕೆ, ಒಂದು ಕಡೆ ಕೂರದ ಚಡಪಡಿಕೆ. ಅದರ ಮರಿಹುಳುಗಳು ತಿನ್ನುವ ಎಲೆಗಳಲ್ಲಿ ನೀರವಂಜಿಯದೂ ಒಂದು. ಎಲೆಯಲ್ಲಿ ತೂತು ಕಂಡರೆ ಔಷಧಿ ಹೊಡೆಯಲು ಓಡಬೇಡಿ. ರೆಕ್ಕೆ ಬರುವ ತನಕ ಕಾಯಿರಿ!

ಮತ್ತೆ ಆ ಮೀನುಬಲೆ? ಮರೆತಿಲ್ಲ!

1913. ಆಗ ಫಿನ್ಲೆಂಡಿನಲ್ಲಿದ್ದ, ಈಗ ರಷ್ಯಾದಲ್ಲಿರುವ ಆಂತ್ರೇಯಾ ಸೀಮೆ. ರೈತನೊಬ್ಬ ಜೌಗು ಹುಲ್ಲುಗಾವಲಲ್ಲಿ ಅಗೆಯುತ್ತಿದ್ದಾಗ ಬಲೆಯ ಚೂರುಗಳು, ಕಲ್ಲಿನ ತೂಕಗಳು, ತೇಲಲು ಕಟ್ಟಿದ ತೊಗಟೆಯ ತುಂಡುಗಳು ಸಿಕ್ಕಿದವು. ಬಲೆಯ ಉದ್ದ ಸುಮಾರು 30 ಮೀಟರ್ ಇದ್ದಿರಬೇಕು ಎಂದು ಲೆಕ್ಕ ಹಾಕಿದರು. ದಾರ ಯಾವುದರದು? ವಿಲ್ಲೋ ತೊಗಟೆಯ ಒಳನಾರು! ವಯಸ್ಸೆಷ್ಟು? ಕ್ರಿಸ್ತಪೂರ್ವ 8300ರ ಆಸುಪಾಸು! ಹೌದು, 10,000 ವರ್ಷಕ್ಕೂ ಹಿಂದಿನದು! ಜಗತ್ತಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಬಲೆಗಳಲ್ಲಿ ಒಂದು. ಗಾಳಿಯಾಡದ ಜೌಗು ಅದನ್ನು ಕೊಳೆಯಲು ಬಿಡಲಿಲ್ಲ.

ಇಷ್ಟು ಕೇಳಿದ ಮೇಲೆ ಕೈ ತುರಿಸುತ್ತಿದೆ ತಾನೇ? ಬನ್ನಿ, ನೆಡೋಣ!

ಜಾಗ ಮೊದಲು. ಏನು ನೆಟ್ಟರೂ ಕೊಳೆಯುವ ಮೂಲೆ ನಿಮ್ಮಲ್ಲಿದೆಯೇ? ಬೇಸಾಯ ಬಿಟ್ಟ ತಗ್ಗು ಗದ್ದೆ? ತೋಟದಂಚಿನ ಹಳ್ಳ? ಕೆರೆಯ ಹಿನ್ನೀರಿನ ಅಂಚು? ಭರ್ಜರಿ! ಬಿಸಿಲು ಚೆನ್ನಾಗಿ ಬೀಳಬೇಕು. ಬೇಸಿಗೆಯಲ್ಲೂ ಅಡಿಮಣ್ಣು ತೇವವಾಗಿರಬೇಕು. ಒಣ ನೆಲವೊಂದು ಇದಕ್ಕಾಗದು.

ಕಡ್ಡಿ ಆಮೇಲೆ. ಹೆಬ್ಬೆರಳು ದಪ್ಪ, ಒಂದರಿಂದ ಎರಡು ಅಡಿ ಉದ್ದ. ಬುಡವನ್ನು ಓರೆಯಾಗಿ, ತಲೆಯನ್ನು ನೇರವಾಗಿ ಕತ್ತರಿಸಿ. ಯಾವುದು ಮೇಲೆ ಯಾವುದು ಕೆಳಗೆ ಎಂಬ ಗೊಂದಲವೇ ಬರದು. ಕಡ್ಡಿಗೆ ತನ್ನ ಬುಡ ಗೊತ್ತು ನಿಜ, ಆದರೂ ಅದನ್ನು ಪರೀಕ್ಷೆಗೆ ಕೂರಿಸುವುದೇಕೆ! ಒಂದು ರಾತ್ರಿ ನೀರಲ್ಲಿ ನೆನೆಹಾಕಿ.

ಹಾರೆಯಿಂದ ತೂತು ಮಾಡಿ. ಮೂರರಲ್ಲಿ ಎರಡು ಪಾಲು ನೆಲದೊಳಗೆ ಇಳಿಸಿ. ಸುತ್ತ ಮಣ್ಣನ್ನು ಕಾಲಿಂದ ಒತ್ತಿ, ನಡುವೆ ಗಾಳಿ ಉಳಿಯಬಾರದು. ಮುಗಿಯಿತು! ಜೌಗು ನೆಲವಾದರೆ ಮುಂಗಾರಿನ ಆರಂಭದಲ್ಲಿ ನೆಡಿ. ಹೊಳೆದಂಡೆಯಾದರೆ ಜುಲೈ-ಆಗಸ್ಟಿನ ಪ್ರವಾಹ ಕಡ್ಡಿಯನ್ನು ಕಿತ್ತೊಯ್ಯಬಹುದು. ಆರ್ಭಟ ಇಳಿದು ಮಣ್ಣು ಇನ್ನೂ ಹಸಿಯಿರುವಾಗ ನೆಡುವುದು ಜಾಣತನ. ಆಳುದ್ದದ ಗೂಟಗಳನ್ನೇ ಎರಡು ಅಡಿಗಿಂತ ಆಳಕ್ಕೆ ಇಳಿಸಿದರೆ ಇನ್ನೂ ಗಟ್ಟಿ. ದಂಡೆ ಕಾಯಲು ಮೂರು ಅಡಿಗೊಂದರಂತೆ ಅಡ್ಡಾದಿಡ್ಡಿ ಸಾಲು ಹಾಕಿ. ಮರವಾಗಿ ಬೆಳೆಸಲು ಹತ್ತು-ಹನ್ನೆರಡು ಅಡಿ ಬಿಡಿ.

ದನ ಮೇಕೆಗಳಿಗೆ ಈ ಸೊಪ್ಪು ಬಲು ಇಷ್ಟ. ಮೊದಲ ಎರಡು ವರ್ಷ ಬೇಲಿ ಬೇಕೇ ಬೇಕು! ಬುಡ ಬಲಿತ ಮೇಲೆ ಸೊಪ್ಪು ಸವರಿ, ಮೇವಿಗೂ ಆಯಿತು. ಎಳೆ ರೆಂಬೆ ಬುಟ್ಟಿ ಹೆಣೆಯಲೂ ಆಯಿತು. ಸವರಿದಷ್ಟೂ ಚಿಗುರು!

ಈಗ ಕಿವಿಮಾತು. ಈ ಉತ್ಸಾಹಿ ಬೇರುಗಳು ನೀರು ಎಲ್ಲಿದ್ದರೂ ಹುಡುಕಿಕೊಂಡು ಹೋಗುತ್ತವೆ. ನಿಮ್ಮ ಬಾವಿಯ ಕಟ್ಟೆ, ಶೌಚಗುಂಡಿ, ನೀರಿನ ಪೈಪ್, ಮನೆಯ ಪಾಯ, ಇವುಗಳಿಂದ ದೂರ, ಬಹಳ ದೂರ! ಗುಡ್ಡ ಕುಸಿಯುವಲ್ಲಿ ಇದನ್ನು ನೆಟ್ಟು ನಿಶ್ಚಿಂತರಾಗಬೇಡಿ. 2018ರಲ್ಲಿ ಕೊಡಗು ಕಂಡಂಥ ಭೂಕುಸಿತ ನಿಲ್ಲಿಸುವುದು ಇದರ ಕೈಲಾಗದ ಕೆಲಸ. ಇದು ಹೊಳೆದಂಡೆಯ ಕಾವಲುಗಾರ. ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳಂಥ ಅಪರೂಪದ ಜೌಗುಕಾಡು ನಿಮ್ಮ ಪಕ್ಕದಲ್ಲಿದ್ದರೆ ಅಲ್ಲಿ ಏನನ್ನೂ ನೆಡಬೇಡಿ. ಅದು ತನ್ನಷ್ಟಕ್ಕೆ ಪರಿಪೂರ್ಣ. ಅಭಯಾರಣ್ಯದಿಂದ ಕಡ್ಡಿ ಮುರಿದು ತರುವುದೂ ಬೇಡ.

ನರ್ಸರಿಯಲ್ಲಿ ಇಳಿಬಿದ್ದ ರೆಂಬೆಗಳ ವಿದೇಶಿ ವಿಲ್ಲೋ ಕಂಡು ಮನಸೋತು ಹೊಳೆಗೆ ತಂದು ನೆಡಬೇಡಿ! ಆಸ್ಟ್ರೇಲಿಯಾದವರು ಹಾಗೆ ತಂದ ವಿಲ್ಲೋಗಳಲ್ಲಿ ಬಹುಪಾಲು ಇಂದು ಅಲ್ಲಿ ರಾಷ್ಟ್ರಮಟ್ಟದ ಕಳೆಗಳ ಪಟ್ಟಿಯಲ್ಲಿವೆ. ಅವನ್ನು ಕಿತ್ತುಹಾಕಲು ಸರ್ಕಾರ ದುಡ್ಡು ಸುರಿಯುತ್ತಿದೆ. ಅದೇ ಕಡ್ಡಿ, ಅದೇ ಶಕ್ತಿ, ಬೇರೆ ಊರು! ನೀರವಂಜಿಗೆ ನಮ್ಮ ಹೊಳೆಯ ಕಾನೂನು ಗೊತ್ತು. ಇಲ್ಲಿ ಅದನ್ನು ತಿನ್ನುವ ಹುಳುವಿದೆ. ಪಕ್ಕದಲ್ಲಿ ಜಾಗಕ್ಕೆ ಜಗಳಾಡಲು ಹೊಳೆಮತ್ತಿ ಇದೆ, ಹೊಂಗೆ ಇದೆ, ಹೊಳೆದಾಸವಾಳವಿದೆ. ಇವೆಲ್ಲವನ್ನೂ ಕೂಡಿಸಿ ನೆಟ್ಟರೇ ದಂಡೆಗೆ ಸೊಗಸು.

ಕೊನೆಯದಾಗಿ ಒಂದು ಪ್ರಶ್ನೆ. ಒಂದೇ ಮರದಿಂದ ನೂರು ಕಡ್ಡಿ ತಂದು ನೆಟ್ಟಿರಿ. ನೂರೂ ಚಿಗುರಿದವು. ನಿಮ್ಮ ದಂಡೆಯಲ್ಲಿ ಎಷ್ಟು ಮರಗಳಿವೆ?

ನೂರು ಅಂದಿರಾ? ಒಂದು!

ಎಲ್ಲವೂ ಒಂದೇ ಮರದ ತದ್ರೂಪು. ಅದು ಗಂಡಾಗಿದ್ದರೆ ನೂರೂ ಗಂಡು. ನ್ಯೂಜಿಲೆಂಡಿನ ಕಥೆಯೇ! ಒಂದು ರೋಗಕ್ಕೆ ಒಂದು ಬಿದ್ದರೆ ನೂರೂ ಬೀಳಬಹುದು. ಬೀಜ ಹಾರದು, ಹೊಸ ಗುಣದ ಒಂದು ಸಸಿಯೂ ಹುಟ್ಟದು. ಹಾಗಾಗಿ ಬೇರೆ ಬೇರೆ ಮರಗಳಿಂದ ಕಡ್ಡಿ ತನ್ನಿ. ಗಂಡು ಮರವೂ ಬೇಕು, ಹೆಣ್ಣು ಮರವೂ ಬೇಕು.

ಬರೀ ಎಲೆ ನೋಡಿದರೆ ಯಾವುದು ಗಂಡು, ಯಾವುದು ಹೆಣ್ಣು ತಿಳಿಯದು. ಹೂ ಬರಬೇಕು. ಆದ್ದರಿಂದ ಈ ಚಳಿಗಾಲ ನಿಮ್ಮೂರಿನ ಹೊಳೆದಂಡೆಯಲ್ಲಿ ಒಂದು ಸುತ್ತು ಹಾಕಿ. ಮಕ್ಕಳನ್ನೂ ಕರೆದೊಯ್ಯಿರಿ! ಉದ್ದನೆಯ, ಅಂಚಿನಲ್ಲಿ ಸಣ್ಣ ಹಲ್ಲುಗಳಿರುವ ಎಲೆ ಹುಡುಕಿ. ಮಗುಚಿ ನೋಡಿ, ಕೆಳಮೈ ಬಿಳಿಚಿಕೊಂಡಿರಬೇಕು. ತೊಗಟೆಯಲ್ಲಿ ಮೇಲಿಂದ ಕೆಳಗೆ ಆಳವಾದ ಸೀಳು ಇರಬೇಕು. ನದಿಯ ಬಂಡೆಗಳ ನಡುವೆ ಪೊದೆಯಾಗಿ ಬೆಳೆಯುವ ಹೊಮೊನೋಯಾ ಎಂಬ ಗಿಡಕ್ಕೂ ಹೆಚ್ಚುಕಡಿಮೆ ಇಂಥದೇ ಎಲೆ. ಅದು ಪೊದೆ, ಇದು ಮರ. ಮೋಸ ಹೋಗಬೇಡಿ!

ಸಿಕ್ಕಿತೇ? ಹಳದಿ ಹುಡಿ ಉದುರಿದರೆ ಗಂಡು. ಪುಟ್ಟ ಹಸಿರು ಕಾಯಿಗಳಿದ್ದರೆ ಹೆಣ್ಣು. ಎರಡನ್ನೂ ಗುರುತು ಹಾಕಿಕೊಳ್ಳಿ. ಒಂದು ಜೊತೆ ಸಿಕ್ಕಿತು ಅಂದರೆ, ಮುಂದಿನ ಮಳೆಗೆ ನಿಮ್ಮ ಊರಿನ ಜೌಗಿಗೆ ಬೇಕಾದದ್ದೆಲ್ಲ ಸಿಕ್ಕಿತು. ಕತ್ತಿ ಮಸೆದಿಡಿ, ಹಾರೆ ಹುಡುಕಿಡಿ!